ಜೇಬಿನ ಬಿಷಪ್ಪರು

ಸೂಜಿಯ ಕಣ್ಣಿಗೆ ದಾರ ಮೂರನೆಯ ಸಲವೂ ತಪ್ಪಿತು. ಅಕ್ಕ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಹೊಸೆದು, ಸೂಜಿಯನ್ನು ಬೆಳಕಿಗೆ ಎತ್ತಿ ಹಿಡಿದರು.

"ಕೊಡಿ ಅತ್ತೆ, ನಾನು ಪೋಣಿಸ್ತೀನಿ," ಅಂದಳು ತಮ್ಮನ ಮಗಳು.

"ಸುಮ್ನಿರೇ. ಅರವತ್ತು ವರ್ಷದಿಂದ ನಾನೇ ಪೋಣಿಸ್ತಿದೀನಿ. ಕಡೇ ದಿನ ನಿನ್ನ ಕೈಲಿ ಪೋಣಿಸ್ಕೊಂಡೆ ಅಂತ ಗೊತ್ತಾದ್ರೆ ನಿಮ್ಮಪ್ಪ ಎದ್ದು ಕೂತು ನಗ್ತಾನೆ."

ನಾಲ್ಕನೆಯ ಸಲಕ್ಕೆ ದಾರ ಹೊಕ್ಕಿತು. ಅಕ್ಕ ಕನ್ನಡಕ ಮೇಲೇರಿಸಿಕೊಂಡು ಕೆಲಸಕ್ಕೆ ಬಗ್ಗಿದರು.

ಟೈಲರ್ ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ತೋಳಿಲ್ಲದ ಕೆಂಪು ನಿಲುವಂಗಿ ಹರಡಿಕೊಂಡಿತ್ತು. ಹಿಂದಿನ ಕೋಣೆಯಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಅದರ ಮೇಲೆ ಬರಬೇಕಾದ ಕೆಂಪಿಗಾಗಿ ಕಾಯುತ್ತ ನಿವೃತ್ತ ಬಿಷಪ್ಪರು ಮಲಗಿದ್ದರು. ತೀರಿಕೊಂಡು ಎರಡು ದಿನವಾಗಿತ್ತು. ಎಪ್ಪತ್ನಾಲ್ಕು ವರ್ಷದ ತಮ್ಮನಿಗೆ ಎಪ್ಪತ್ತೆಂಟು ವರ್ಷದ ಅಕ್ಕ ಕೊನೆಯ ಬಟ್ಟೆ ಹೊಲಿಯುತ್ತಿದ್ದರು. ಎಲ್ಲ ಹೊಲಿಗೆ ಮುಗಿದಿತ್ತು. ಎಡಸೊಂಟದ ಕಡೆ ಒಂದು ಜೇಬು ಮಾತ್ರ ಬಾಕಿ.

ನಿಲುವಂಗಿ ಕೆಂಪು, ಜೇಬು ನೀಲಿ. ಶಾಲೆಯ ಮಕ್ಕಳ ಯೂನಿಫಾರಂ ಇರುತ್ತದಲ್ಲ, ಆ ನೀಲಿ. ಹೊರಗಿನವರು ನೋಡಿದರೆ ಟೈಲರಿಗೆ ಬಣ್ಣಗುರುಡು ಅನ್ನಬೇಕು, ಹಾಗಿತ್ತು ಜೋಡಿ. ಆದರೆ ಆ ಊರಲ್ಲಿ ಯಾರೂ ಹಾಗೆ ಅನ್ನುತ್ತಿರಲಿಲ್ಲ. ಬಿಷಪ್ಪರ ಕೆಂಪು ನಿಲುವಂಗಿಯ ಮೇಲೆ ಆ ನೀಲಿ ಜೇಬನ್ನು ನೋಡಿ ನೋಡಿ, ಜನ ಅವರನ್ನು ಜೇಬಿನ ಬಿಷಪ್ಪರು ಅಂತಲೇ ಕರೆಯುತ್ತಿದ್ದರು. ಎದುರಿಗೂ ಕರೆಯುತ್ತಿದ್ದರು. ಅವರು "ಏನ್ ಸಮಾಚಾರ?" ಅಂತ ತಿರುಗುತ್ತಿದ್ದರು.

ಷಟರಿನ ಕೆಳಗೆ ತಲೆ ಬಗ್ಗಿಸಿಕೊಂಡು ಬಿಷಪ್ ಕಚೇರಿಯ ಕಾರ್ಯದರ್ಶಿ ಒಳಗೆ ಬಂದರು. ಅವರೂ ಒಬ್ಬ ಪಾದ್ರಿಯೇ. ಐವತ್ತರ ವಯಸ್ಸು, ಕಂಕುಳಲ್ಲಿ ಫೈಲು, ಕೈಯಲ್ಲಿ ದೊಡ್ಡ ರಟ್ಟಿನ ಡಬ್ಬ.

"ಅಕ್ಕ, ಹತ್ತೂವರೆಗೆ ಪೆಟ್ಟಿಗೆ ಇಲ್ಲಿಂದ ಹೊರಡಬೇಕು. ಹನ್ನೊಂದಕ್ಕೆ ಚರ್ಚು. ಹನ್ನೊಂದು ನಲವತ್ತಕ್ಕೆ ಮುಚ್ಚಳ ಹಾಕೋದು. ಹನ್ನೆರಡಕ್ಕೆ ಸರಿಯಾಗಿ ಮಹಾಬಿಷಪ್ಪರು ಆರಾಧನೆ ಶುರು ಮಾಡ್ತಾರೆ."

"ನನಗ್ಯಾಕಪ್ಪ ಹೇಳ್ತೀಯ? ಒಳಗೆ ಮಲಗಿರೋನಿಗೆ ಹೇಳು. ಹೊತ್ತಿಗೆ ಸರಿಯಾಗಿ ಹೊರಡೋದು ಅವನಿಗೆ ಯಾವತ್ತು ಗೊತ್ತಿತ್ತು?"

ಕಾರ್ಯದರ್ಶಿ ನಗಲಿಲ್ಲ. ಡಬ್ಬವನ್ನು ಮೇಜಿನ ತುದಿಯಲ್ಲಿಟ್ಟು ಮುಚ್ಚಳ ತೆಗೆದರು. ಒಳಗೆ ರೇಷ್ಮೆಯ ಕೆಂಪು ನಿಲುವಂಗಿ, ಅಂಚಿಗೆಲ್ಲ ಚಿನ್ನದ ದಾರದ ಕಸೂತಿ.

"ರಾಜಧಾನಿಯಿಂದ ತರಿಸಿದೀವಿ. ಈಗಿನ ಬಿಷಪ್ಪರೂ ಒಪ್ಪಿದಾರೆ. ಇದನ್ನ ಹಾಕೋಣ."

ಅಕ್ಕ ಅದರ ಅಂಚನ್ನು ಬೆರಳಲ್ಲಿ ಮಗುಚಿ ಒಳಹೊಲಿಗೆ ನೋಡಿದರು. ಟೈಲರು ಯಾವ ಬಟ್ಟೆಯನ್ನೂ ಮೊದಲು ಒಳಗಿನಿಂದಲೇ ನೋಡುವುದು.

"ಚೆನ್ನಾಗಿದೆ. ಎದೆ ಎಷ್ಟು?"

"ನಲವತ್ತೆರಡು. ನಮ್ಮ ಫೈಲಲ್ಲಿದ್ದ ಅಳತೆ."

"ಅದು ಅವನು ಬಿಷಪ್ಪಾದಾಗಿನ ಅಳತೆ. ಹೋದ ತಿಂಗಳು ಆಸ್ಪತ್ರೆ ಮಂಚದ ಮೇಲೆ ನಾನೇ ಟೇಪು ಹಿಡಿದೆ. ಮೂವತ್ನಾಲ್ಕು."

ಹಿಂದಿನ ಕೋಣೆಯಿಂದ ಶವಪೆಟ್ಟಿಗೆ ಅಂಗಡಿಯವನು ತಲೆ ಹೊರಗೆ ಹಾಕಿದ. "ಅದಕ್ಕೇನಮ್ಮ, ಹಿಂದ್ಗಡೆ ಒಟ್ಟು ಮಾಡಿ ನಾಲ್ಕು ಗುಂಡುಪಿನ್ನು ಹಾಕಿದ್ರೆ ಮುಂದೆ ನೀಟಾಗಿ ಕೂರುತ್ತೆ. ಎಲ್ರಿಗೂ ಹಾಗೇ ಮಾಡೋದು. ಹಿಂದೆ ಯಾರು ನೋಡ್ತಾರೆ?"

ಈ ಮಾತನ್ನು ಅವನು ಬೇರೆ ಯಾರ ಮನೆಯಲ್ಲಾದರೂ ಆಡಬಹುದಿತ್ತು. ಟೈಲರ್ ಅಂಗಡಿಯಲ್ಲಿ ಆಡಬಾರದಿತ್ತು.

"ಅವನು ಹೋಗ್ತಿರೋ ಕಡೆ ಮುಂದೇನೂ ನೋಡ್ತಾರೆ ಹಿಂದೇನೂ ನೋಡ್ತಾರೆ ಕಣಯ್ಯಾ," ಅಂದರು ಅಕ್ಕ. "ಅವನು ಮೊದಲನೇ ನಿಲುವಂಗಿ ಹಾಕಿದಾಗಲೇ ಮಾತು ಕೊಟ್ಟಿದ್ದೆ. ಮೊದಲನೇದೂ ನಂದೇ, ಕಡೇದೂ ನಂದೇ. ನನ್ನ ತಮ್ಮನಿಗೆ ಪಿನ್ನು ಚುಚ್ಚಿ ಕಳಿಸ್ತೀರಾ, ಅಯ್ಯನವರೇ?"

ಅಕ್ಕ ಕಾರ್ಯದರ್ಶಿಯನ್ನು 'ಏನಪ್ಪಾ' ಅನ್ನುತ್ತಿದ್ದವರು 'ಅಯ್ಯನವರೇ' ಅಂದರೆ ಕೋಪ ನೆತ್ತಿಗೇರಿದೆ ಅಂತಲೇ ಅರ್ಥ. ಅದು ಅವರಿಗೂ ಗೊತ್ತಿತ್ತು. ಸ್ಟೂಲು ಎಳೆದುಕೊಂಡು ಕೂತರು.

"ಅಕ್ಕ, ಇಪ್ಪತ್ನಾಲ್ಕು ವರ್ಷ ಬಿಷಪ್ಪಾಗಿದ್ರು. ಒಂದು ದಿನಾನೂ ನಮ್ಮ ಕಣ್ಣಿಗೆ ದೊಡ್ಡೋರಾಗಿ ಕಾಣೋಕೆ ಒಪ್ಲಿಲ್ಲ. ಬೇರೆ ಊರಿನ ಬಿಷಪ್ಪರೆಲ್ಲ ಬಂದು ಸಾಲಾಗಿ ನಿಂತ್ರೆ, ನಮ್ಮೋರು ಎಲ್ಲಿ ಅಂತ ನಾನು ಹುಡುಕಬೇಕಿತ್ತು. ಅಡುಗೆಮನೇಲಿ ತಟ್ಟೆ ಒರೆಸ್ತಾ ಇರೋರು. ಇವತ್ತೊಂದು ದಿನ ನೋಡಿದೋರು 'ಅಬ್ಬಾ, ಬಿಷಪ್ಪು ಅಂದ್ರೆ ಇವರಪ್ಪಾ' ಅನ್ಬೇಕು. ಅಷ್ಟೇ ನನ್ನ ಆಸೆ." ಡಬ್ಬದ ಮುಚ್ಚಳ ಮುಚ್ಚಿದರು. "ಹೋಗ್ಲಿ, ನಿಮ್ಮ ನಿಲುವಂಗಿನೇ ಹಾಕೋಣ. ಜೇಬೊಂದನ್ನ ಬಿಚ್ಚಿಬಿಡಿ. ಆರು ಜನ ಬಿಷಪ್ಪರು ಬರ್ತಾರೆ. ತೇಪೆ ಹಾಕಿ ಕಳಿಸಿದ್ರು ಅನ್ಕೋತಾರೆ."

"ಅಲ್ದೆ, ಕಡೇ ಬಟ್ಟೆಗೆ ಜೇಬು ಇಡೋ ಪದ್ಧತಿನೇ ಇಲ್ಲ," ಅಂತ ಪೆಟ್ಟಿಗೆಯವನು ಬಾಗಿಲಿಂದ ಒಗ್ಗರಣೆ ಹಾಕಿದ. "ಹೋಗುವಾಗ ಯಾರೂ ಏನೂ ಹೊತ್ಕೊಂಡು ಹೋಗಲ್ವಲ್ಲ."

"ಅವನು ತನ್ನದೇನನ್ನೂ ಹೊತ್ಕೊಂಡು ಹೋಗ್ತಿಲ್ಲ. ಬೇರೆಯವರ ಹೆಸರು ಹೊತ್ಕೊಂಡು ಹೋಗ್ತಿದಾನೆ."

ಅಕ್ಕ ಗೋಡೆಗೆ ನೇತುಹಾಕಿದ್ದ ಹಳೆಯ ನಿಲುವಂಗಿಯ ಜೇಬಿಗೆ ಕೈ ಹಾಕಿದರು. ಒಂದು ಗಿಡ್ಡ ಪೆನ್ಸಿಲು ಬಂತು, ಎರಡು ಅಂಗಿಗುಂಡಿ ಬಂತು, ಕೊನೆಗೆ ಹಳದಿಗಟ್ಟಿದ ಒಂದು ಚೀಟಿ ಬಂತು. ಮಡಿಚಿ ಮಡಿಚಿ ಮೂಲೆ ಸವೆದಿತ್ತು. ಇಪ್ಪತ್ಮೂರು ಹೆಸರು, ಕೊನೆಯ ಹೆಸರಿನ ಕೆಳಗೆ ಮೂರು ಗೆರೆ, ಅಡಿಯಲ್ಲಿ ಒಂದು ಸಣ್ಣ ಊರಿನ ಚರ್ಚಿನ ಮೊಹರು.

ಕಾರ್ಯದರ್ಶಿ ಎದ್ದು ನಿಂತರು. "ಇದು ಇನ್ನೂ ಇಲ್ಲಿದೆಯಾ? ಇದು ಚರ್ಚಿನ ದಾಖಲೆ ಅಕ್ಕ. ಮಣ್ಣಿಗೆ ಹಾಕೋ ಹಾಗಿಲ್ಲ. ಮೊಹರಿರೋ ಕಾಗದ ಕಚೇರಿ ಬಿಟ್ಟು ಒಂದು ದಿನಾನೂ ಯಾರ ಮನೇಲೂ ಇರಬಾರದು ಅಂತ ಇವರೇ ನನಗೆ ಕಲಿಸಿದ್ದು. ಗಾಜಿನ ಪೆಟ್ಟಿಗೇಲಿ ಇಡ್ತೀವಿ, ನೂರು ವರ್ಷ ಇರುತ್ತೆ."

ಅಕ್ಕ ಚೀಟಿಯನ್ನು ಅವರ ಕೈಗೆ ಕೊಟ್ಟರು. ಬೇರೆ ಯಾರ ನಿಯಮವಾದರೂ ಮುರಿಯಬಹುದಿತ್ತು. ಇದು ತಮ್ಮನದೇ ನಿಯಮ. ಚೀಟಿ ಪ್ಲಾಸ್ಟಿಕ್ ಹಾಳೆಯೊಳಗೆ ಹೋಗಿ, ಹಾಳೆ ಫೈಲಿನೊಳಗೆ ಹೋಗಿ, ಫೈಲು ಕಂಕುಳಿಗೆ ಹೋಯಿತು.

"ಜೇಬು ಇರ್ಲಿ ಬಿಡಿ ಅಯ್ಯನವರೇ," ಅಂದಳು ಮಗಳು ಮೆಲ್ಲಗೆ. "ಜೇಬಿಲ್ಲದಿದ್ರೆ ನಮ್ಮಪ್ಪ ಅಂತ ನನಗೇ ಗುರುತು ಸಿಗಲ್ಲ."

ಕಾರ್ಯದರ್ಶಿ ಆಗಲಿ ಅನ್ನುವಂತೆ ತಲೆಯಾಡಿಸಿ ಹೊರಟರು. ಅಕ್ಕ ಜೇಬಿನ ಕೊನೆಯ ಮೂಲೆ ಹೊಲಿದು, ದಾರ ಕಚ್ಚಿ ತುಂಡರಿಸಿದರು. ಬೆರಳು ಹಾಕಿ ನೋಡಿದರು. "ಚೀಟಿ ಇಲ್ಲದ ಜೇಬು," ಅಂದರು ಯಾರಿಗೋ ಅನ್ನುವ ಹಾಗೆ, "ಬರೀ ತೇಪೇನೇ."

* * *

ಅಕ್ಕನ ಅಳತೆ ಪುಸ್ತಕದಲ್ಲಿ ತಮ್ಮನಿಗೆ ಒಂದೇ ಒಂದು ಪುಟ. ಮೊದಲನೆಯ ಸಾಲು ಅವನ ಹತ್ತೊಂಬತ್ತನೆಯ ವಯಸ್ಸಿನದು, ಪಾದ್ರಿಗಳ ಶಾಲೆಯಾದ ಸೆಮಿನರಿಗೆ ಹೊರಟಾಗಿನದು: ಎದೆ ಮೂವತ್ನಾಲ್ಕು.

ಅಪ್ಪ ಹೋದ ಮೇಲೆ ಅಮ್ಮ ಹೊಲಿದಳು, ಅಮ್ಮನ ಕಣ್ಣು ಮಂಜಾದ ಮೇಲೆ ಹದಿನಾರರ ಅಕ್ಕ ಮಿಷಿನ್ನಿನ ಮುಂದೆ ಕೂತಳು. ತಮ್ಮ ಕಾಜ ಗುಂಡಿ ಮಾಡಿಕೊಡುತ್ತಿದ್ದ. ಗುಂಡಿ ಹೊಲಿಯುತ್ತ ಹೊಲಿಯುತ್ತ ಒಂದು ದಿನ, "ಅಕ್ಕಾ, ನಾನು ಪಾದ್ರಿಯಾಗ್ತೀನಿ," ಅಂದ. "ಆಗು. ಮೊದಲು ಆ ಡಜನ್ ಮುಗಿಸು," ಅಂದಳು ಅಕ್ಕ. ಆಗ ಅಂಗಡಿಗೆ ಬರುತ್ತಿದ್ದದ್ದು ವಕೀಲರ ಗೌನು. ಅದರಲ್ಲಿ ಉಳಿದ ತುಂಡುಗಳನ್ನು ಕೂಡಿಸಿ ಅವನ ಮೊದಲ ಕಪ್ಪು ನಿಲುವಂಗಿ ಹೊಲಿದಳು. ಜೋಡಿಸಿದ ಗೆರೆ ಎಲ್ಲೂ ಕಾಣದ ಹಾಗೆ ಹೊಲಿದಿದ್ದಳು. ಅವನು ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತು, "ಯಾರ ಪರ ವಾದಿಸ್ಲಿ?" ಅಂದ. ಅಕ್ಕ ನಗುತ್ತ, "ನಿನ್ನ ಮೊದಲನೇದೂ ನಾನೇ ಹೊಲಿಯೋದು, ಕಡೇದೂ ನಾನೇ ಹೊಲಿಯೋದು, ಮರೀಬೇಡ," ಅಂದಳು. ಹತ್ತೊಂಬತ್ತು ಇಪ್ಪತ್ಮೂರರ ವಯಸ್ಸಿನಲ್ಲಿ ಕಡೇದು ಅನ್ನುವ ಮಾತು ತಮಾಷೆಗೇ ಬರುವುದು.

ಮೂವತ್ತಾರು ಅನ್ನುವ ಸಾಲು ಜೈಲಿನ ಕಾಲದ್ದು. ಏಳು ವರ್ಷ ಜೈಲಿನ ಪಾದ್ರಿಯಾಗಿದ್ದ. ಅಲ್ಲಿ ಕೈದಿಗಳನ್ನು ನಂಬರು ಹಿಡಿದು ಕರೆಯುತ್ತಾರೆ. ಇವನು ಹೆಸರು ಕೇಳಿ ಬರೆದುಕೊಂಡು ಹೆಸರಿಂದ ಕರೆಯುತ್ತಿದ್ದ. ಹೆಸರಿನ ಹುಚ್ಚು ಹತ್ತಿದ್ದು ಅಲ್ಲಿಂದ. ಮೂವತ್ತೊಂಬತ್ತು, ಬಂದರಿನ ಚರ್ಚಿನದು. ಅವರ ಚರ್ಚಿನಲ್ಲಿ ಪಾದ್ರಿಗಳಿಗೂ ಮದುವೆಯುಂಟು. ಮದುವೆ, ಮಗಳು, ಹೆಂಡತಿಯ ಕೈ ಅಡುಗೆ, ಎಲ್ಲ ಆ ಮೂರು ಇಂಚಿನಲ್ಲಿ ಇತ್ತು.

ಬಿಷಪ್ಪಾದದ್ದು ಹೇಗೆ ಅಂದರೆ, ಯಾರೂ ಬಯಸಿ ಆದದ್ದಲ್ಲ. ಒಂದು ಗುಂಪಿಗೆ ಒಬ್ಬ ಪಂಡಿತರು ಬೇಕಿತ್ತು, ಇನ್ನೊಂದಕ್ಕೆ ದೊಡ್ಡ ಮನೆತನದ ಒಬ್ಬರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎಂಟು ಸಲ ಮತ ಹಾಕಿ ಸುಸ್ತಾದವರು ಒಂಬತ್ತನೆಯ ಸಲಕ್ಕೆ ಹಿಂದಿನ ಬೆಂಚಿನಲ್ಲಿ ಕೂತಿದ್ದ ಬಂದರಿನ ಪಾದ್ರಿಯ ಹೆಸರು ಬರೆದರು. ಅವನು ಅಕ್ಕನಿಗೆ ಫೋನು ಮಾಡಿ, "ಅಕ್ಕಾ, ಗಡಿಬಿಡೀಲಿ ನನ್ನನ್ನ ಬಿಷಪ್ ಮಾಡಿಬಿಟ್ಟಿದಾರೆ," ಅಂದ. ಅಕ್ಕನಿಗೆ ಕಣ್ಣು ತುಂಬಿ ಬಂತು. ಆದರೆ ಬಾಯಿಗೆ ಬಂದದ್ದು, "ಈಗ ಎದೆ ಎಷ್ಟೋ?" ಅನ್ನುವ ಮಾತು.

ನಲವತ್ತೆರಡು. ಪುಸ್ತಕದಲ್ಲಿ ಆ ಅಂಕಿಯನ್ನು ಅಕ್ಕ ಎರಡು ಸಲ ತಿದ್ದಿ ದಪ್ಪ ಮಾಡಿದ್ದಾರೆ.

ಬಿಷಪ್ಪಾದ ಮೊದಲ ತಿಂಗಳೇ ಹದಿನಾಲ್ಕು ಕೋಣೆಯ ಬಂಗಲೆಯಲ್ಲಿ ಹನ್ನೆರಡನ್ನು ಹುಡುಗಿಯರ ಹಾಸ್ಟೆಲ್ ಮಾಡಿ ತಾನು ಎರಡರಲ್ಲಿ ಉಳಿದ. ಹೆಂಡತಿ ಹೋದಳು, ನಿವೃತ್ತಿಯಾಯಿತು, ಆಗ ಅಕ್ಕನ ಅಂಗಡಿಯ ಮೇಲಿನ ಕೋಣೆಗೆ ಬಂದ. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಕೆಳಗಿಳಿದು ಯೂನಿಫಾರಂ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದ. ಅಂಗಿ ಒಯ್ಯಲು ಬಂದ ತಾಯಂದಿರು, "ಇದು ಬಿಷಪ್ಪರು ಹೊಲಿದ ಗುಂಡಿ, ಕೀಳಬೇಡ," ಅಂತ ಮಕ್ಕಳಿಗೆ ಹೇಳುತ್ತಿದ್ದರು. ಮಕ್ಕಳು ಕೀಳುತ್ತಿದ್ದರು. ಅವನು ಮತ್ತೆ ಹೊಲಿಯುತ್ತಿದ್ದ.

ಕೊನೆಯ ಸಾಲು ಹೋದ ತಿಂಗಳದು. ಟೇಪು ಹಿಂದೆಗೆದು ಅಕ್ಕ ಅಂಕಿ ಬರೆದುಕೊಳ್ಳುವಾಗ, ಅವನು ಮಂಚದ ಮೇಲಿಂದ, "ಎಷ್ಟಕ್ಕಾ?" ಅಂದ.

"ಮೂವತ್ನಾಲ್ಕು."

"ನೋಡಿದ್ಯಾ? ಸೆಮಿನರಿಗೆ ಹೋಗೋಕೆ ಮತ್ತೆ ರೆಡಿ ಆದೆ," ಅಂದ. "ಜೇಬು ಮರೀಬೇಡ."

* * *

ಆ ಜೇಬು ಬಂದದ್ದು ಅವನು ಬಿಷಪ್ಪಾದ ಮೊದಲನೆಯ ವರ್ಷ, ಒಂದು ತಪ್ಪಿನಿಂದ.

ಒಂದು ಸಣ್ಣ ಊರಿನಲ್ಲಿ ದೃಢೀಕರಣವಿತ್ತು. ಹನ್ನೆರಡು ಹದಿಮೂರು ದಾಟಿದ ಮಕ್ಕಳು ಬಿಷಪ್ಪರ ಮುಂದೆ ಮಂಡಿಯೂರಿ, ತಲೆಯ ಮೇಲೆ ಅವರ ಕೈ ಇಡಿಸಿಕೊಂಡು, ಇನ್ನು ಮೇಲೆ ನಾನೂ ಚರ್ಚಿನ ಸಭೆಯಲ್ಲಿ ಒಬ್ಬ ಅನ್ನಿಸಿಕೊಳ್ಳುವ ದಿನ. ಹೊಸ ಬಿಷಪ್ಪರು ಪ್ರತಿ ಮಗುವಿನ ಹೆಸರನ್ನೂ ತಾವೇ ಕರೆಯುತ್ತೇನೆ ಅಂದಿದ್ದರು. ಆ ಊರಿನ ಪಾದ್ರಿ ಇಪ್ಪತ್ಮೂರು ಹೆಸರಿನ ಚೀಟಿ ಕೊಟ್ಟರು. ಇಡುವುದೆಲ್ಲಿ? ಬಿಷಪ್ಪರ ಬಟ್ಟೆಗೆ ಜೇಬಿಲ್ಲ. ಒಳಗಿನ ಬಿಳಿ ಅಂಗಿಯ ತೋಳು ಮಾತ್ರ ಬೂದುಗುಂಬಳದಷ್ಟು ಅಗಲ, ಮಣಿಕಟ್ಟಿನಲ್ಲಿ ಬಿಗಿ. ಆ ಮಣಿಕಟ್ಟಿನ ಪಟ್ಟಿಯೊಳಗೆ ಚೀಟಿ ಸಿಕ್ಕಿಸಿಕೊಂಡರು.

ಆರಾಧನೆಯ ಮಧ್ಯೆ ಕೈ ಎತ್ತಿದಾಗ ಚೀಟಿ ತೋಳಿನೊಳಗೆ ಜಾರಿತು. ತಡಕಿದರು, ಸಿಗಲಿಲ್ಲ. ಮಕ್ಕಳು ಕಾಯುತ್ತಿದ್ದರು, ಇಬ್ಬಿಬ್ಬರಾಗಿ ಬನ್ನಿ ಅಂದರು. ಹನ್ನೊಂದು ಜೋಡಿ ಬಂತು. ಆಮೆನ್ ಆಯಿತು, ಫೋಟೋ ಆಯಿತು, ಊಟವೂ ಆಯಿತು. ಕಾರು ಮುಂದಿನ ಊರಿಗೆ ಹೊರಟಿತು. ಅಲ್ಲಿ ನಾಲ್ಕು ಗಂಟೆಗೆ ಇನ್ನೊಂದು ದೃಢೀಕರಣ. ಅದು ದೊಡ್ಡವರ ಚರ್ಚು, ಬ್ಯಾಂಡಿನವರೂ ಕಾಯುತ್ತಿದ್ದರು.

ಸೆಕೆಗೆ ತಡೆಯಲಾರದೆ ದಾರಿಯಲ್ಲಿ ಕಾರು ನಿಲ್ಲಿಸಿ ಅಂಗಿ ಬಿಚ್ಚಿದಾಗ ಚೀಟಿ ರಸ್ತೆಯ ಮೇಲೆ ಬಿತ್ತು. ಇಪ್ಪತ್ಮೂರು. ಬಿಷಪ್ಪರು ಹುಬ್ಬು ಗಂಟಿಕ್ಕಿದರು. ಗುಂಡಿ ಎಣಿಸಿ ಬೆಳೆದ ಕೈ ಅದು, ಮುಟ್ಟಿದ್ದನ್ನು ಮರೆಯುವುದಿಲ್ಲ. ಮುಟ್ಟಿದ ತಲೆ ಇಪ್ಪತ್ತೆರಡು.

"ಗಾಡಿ ತಿರುಗ್ಸು," ಅಂದರು.

"ಅಲ್ಲಿ ಬ್ಯಾಂಡು..." ಅಂದ ಡ್ರೈವರು.

"ಬ್ಯಾಂಡಿನವರು ಬಾರಿಸ್ತಾ ಇರ್ಲಿ. ಅಭ್ಯಾಸ ಆಗುತ್ತೆ."

ಇಪ್ಪತ್ಮೂರನೆಯವಳು ಮನೆಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಪಾತ್ರೆ ಉಜ್ಜುತ್ತಿದ್ದಳು. ಹದಿಮೂರು ವರ್ಷ, ಕಂದು ಬಣ್ಣದ ಫ್ರಾಕು. ಬಿಳಿ ಫ್ರಾಕು ಇಲ್ಲ ಅಂತ ನಾಚಿ ಕಂಬದ ಹಿಂದೆ ನಿಂತಿದ್ದಳಂತೆ. ಹೆಸರು ಕರೆದಾಗ ಹೋದರಾಯಿತು ಅಂತ ಕಾದಳಂತೆ. ಹೆಸರು ಬರಲೇ ಇಲ್ಲ.

"ಯಾಕಮ್ಮ, ನಾನು ಉಳಿದೆ ಅಂತ ಯಾಕೆ ಹೇಳ್ಲಿಲ್ಲ?"

ಹುಡುಗಿ ಬೂದಿಯ ಕೈಯನ್ನು ಫ್ರಾಕಿಗೆ ಒರೆಸಿಕೊಂಡಳು. "ಬಿಷಪ್ಪರು ತಪ್ಪು ಮಾಡ್ತಾರೆ ಅಂತ ಗೊತ್ತಿರ್ಲಿಲ್ಲ. ನಾನು ಬೇಡ್ವೇನೋ ಅಂದ್ಕೊಂಡೆ."

ಬಿಷಪ್ಪರು ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರಂತೆ. ಆಮೇಲೆ ಎದ್ದು ಹೋಗಿ ಚರ್ಚಿನ ಗಂಟೆಯನ್ನು ತಾವೇ ಬಾರಿಸಿದರು. ಬೆಂಕಿ ಬಿತ್ತೇನೋ ಅಂತ ಊರವರೆಲ್ಲ ಉಟ್ಟ ಬಟ್ಟೆಯಲ್ಲೇ ಓಡಿ ಬಂದರು. ಅರ್ಧ ಗಡ್ಡ ಕೆರೆದುಕೊಂಡವನೊಬ್ಬ, ಹಿಟ್ಟಿನ ಕೈಯ ಹೆಂಗಸರು, ನಿದ್ದೆಗಣ್ಣಿನ ಪಾದ್ರಿ. ಅವರ ಮುಂದೆ ನಿಂತು ಬಿಷಪ್ಪರು, "ಬೆಳಿಗ್ಗೆ ನಾನು ಒಬ್ಬಳನ್ನ ಬಿಟ್ಟೆ. ತಪ್ಪು ಅವಳದಲ್ಲ, ನಂದು. ಎಲ್ಲರೂ ಕೂತ್ಕೊಳ್ಳಿ, ಮೊದಲಿಂದ ಮಾಡೋಣ," ಅಂದರು. ಮೊದಲಿಂದಲೇ ಮಾಡಿದರು. ಇಡೀ ಆರಾಧನೆ, ಎಲ್ಲ ಹಾಡು, ಒಬ್ಬಳೇ ಹುಡುಗಿಗೆ. ಬ್ಯಾಂಡಿನ ಊರನ್ನು ಮುಟ್ಟಿದಾಗ ಆರು ಗಂಟೆ ದಾಟಿತ್ತು. ಅಲ್ಲಿಯ ದೊಡ್ಡವರು ಮುಖ ಊದಿಸಿಕೊಂಡಿದ್ದರು, ಊದಿಸಿಕೊಂಡೇ ಇದ್ದರು.

ಮಾರನೆಯ ದಿನ ಅವನು ಅಕ್ಕನ ಅಂಗಡಿಗೆ ಬಂದು ಕೆಂಪು ನಿಲುವಂಗಿಯನ್ನು ಮೇಜಿನ ಮೇಲೆ ಹಾಕಿದ.

"ಇದಕ್ಕೊಂದು ಜೇಬು ಹಾಕಕ್ಕಾ."

"ಬಿಷಪ್ಪರ ಬಟ್ಟೆಗೆ ಜೇಬಿಲ್ವಲ್ಲೋ. ಅವರು ಕೊಟ್ಟ ನಮೂನೇಲಿ ಇಲ್ಲ."

"ನಮೂನೇಲಿ ಇಲ್ಲದ್ದಕ್ಕೇ ಒಂದು ಮಗು ನಾನು ಬೇಡ್ವೇನೋ ಅಂದ್ಕೊಳ್ತು."

ಕೆಂಪು ತುಂಡು ಉಳಿದಿರಲಿಲ್ಲ. ಮೇಜಿನ ಮೇಲೆ ಯೂನಿಫಾರಂನ ನೀಲಿ ಇತ್ತು. ಸದ್ಯಕ್ಕೆ ಇದಿರಲಿ, ಕೆಂಪು ಬಂದ ಮೇಲೆ ಬದಲಾಯಿಸೋಣ ಅಂತ ಅಕ್ಕ ನೀಲಿಯನ್ನೇ ಕತ್ತರಿಸಿದರು. ಕೆಂಪು ಬಂತು, ಅವನು ಬದಲಾಯಿಸಲು ಒಪ್ಪಲಿಲ್ಲ. ಅಂದಿನಿಂದ ಯಾವ ಊರಲ್ಲೇ ಆಗಲಿ, ಕೊನೆಯ ಮಗುವಿನ ತಲೆ ಮುಟ್ಟಿದ ಮೇಲೆ ಚೀಟಿಯನ್ನು ಜೇಬಿಗಿಟ್ಟುಕೊಂಡು, ಕಂಬಗಳ ಕಡೆಗೆಲ್ಲ ನೋಡಿ, ದೊಡ್ಡ ದನಿಯಲ್ಲಿ ಕೇಳುವನು: "ಯಾರಾದ್ರೂ ಉಳಿದ್ರಾ?"

* * *

ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೆಟ್ಟಿಗೆಯನ್ನು ಮುಂದೆ ಎತ್ತರದಲ್ಲಿ ಇಟ್ಟಿದ್ದರು. ಜನ ಸಾಲಾಗಿ ಬಂದು, ನೋಡಿ, ಮುಂದೆ ಹೋಗುತ್ತಿದ್ದರು. ನಿಲುವಂಗಿ ಭುಜದ ಮೇಲೆ ಒಂದು ನೆರಿಗೆಯಿಲ್ಲದೆ ಕೂತಿತ್ತು. ಮೊದಲ ಬೆಂಚಿನಿಂದ ಅಕ್ಕ ಅದನ್ನು ನೋಡಿ, ಹೆಮ್ಮೆಯಾಗಿ, ಹೆಮ್ಮೆಯಾದದ್ದಕ್ಕೆ ಅಳು ಬಂದು, ಮೂಗೊರೆಸಿಕೊಂಡರು. ಆಮೇಲೆ ಕಣ್ಣು ಕೆಳಗಿಳಿಯಿತು.

ಎಡಸೊಂಟದ ಮೇಲೆ, ಸರಿಯಾಗಿ ಜೇಬಿನ ಮೇಲೆ, ಬಂಡಿಚಕ್ರದಷ್ಟು ಅಗಲದ ಬಿಳಿ ಹೂವಿನ ಚಕ್ರ.

"ಮಹಾಬಿಷಪ್ಪರು ತಂದದ್ದು," ಅಂದರು ಪಕ್ಕದಲ್ಲಿ ನಿಂತ ಕಾರ್ಯದರ್ಶಿ. ಅಕ್ಕನ ಕಡೆ ನೋಡಲಿಲ್ಲ. ಮಹಾಬಿಷಪ್ಪರು ಆಚೆ ಬದಿಯ ಕುರ್ಚಿಯಲ್ಲೇ ಕೂತಿದ್ದರು. ಅವರ ಹೂವನ್ನು ಅವರ ಕಣ್ಣೆದುರೇ ಎತ್ತಿಡುವವರು ಯಾರು? ಅಕ್ಕ ಕೈಯನ್ನು ಮಡಿಲಲ್ಲಿ ಬಿಗಿಯಾಗಿ ಕಟ್ಟಿಕೊಂಡರು.

ಸಾಲಿನಲ್ಲಿ ಪಕ್ಕದ ಇಸ್ತ್ರಿ ಅಂಗಡಿಯವನು ಬಂದ. ಅವನ ಹಿಂದೆ ಜೈಲಿನ ಹಳೆಯ ವಾರ್ಡರು.

"ಜೇಬೆಲ್ರೀ?" ಅಂದ ಇಸ್ತ್ರಿಯವನು, ಪಿಸುಮಾತು ಅಂದುಕೊಂಡು. ಅವನ ಪಿಸುಮಾತು ಹತ್ತು ಬೆಂಚಿಗೆ ಕೇಳಿಸುತ್ತಿತ್ತು. "ನಾನೇ ಎಷ್ಟು ಸಲ ಇಸ್ತ್ರಿ ಮಾಡಿದೀನಿ. ಒಳಗೆ ಪೆನ್ಸಿಲು ಇದೆಯಾ ಅಂತ ತಡವಿ ನೋಡ್ದೆ ಇಸ್ತ್ರಿಪೆಟ್ಟಿಗೆ ಇಡ್ತಿರ್ಲಿಲ್ಲ."

"ತೆಗೆಸಿಬಿಟ್ರೇನೋ," ಅಂದರು ವಾರ್ಡರು. "ಆ ಚಿತ್ರ ಬರೆಯೋನು ಮಾಡಿದ್ನಲ್ಲ, ಹಾಗೆ."

"ಯಾವ ಚಿತ್ರ?"

"ಕಚೇರೀಲಿ ತೂಗುಹಾಕಿದೆ ನೋಡಿ, ದೊಡ್ಡದು. ಚಿತ್ರಗಾರ ಮರ್ಯಾದೆ ಅಂತ ಜೇಬು ಬಿಟ್ಟು ಬರೆದಿದ್ದ. ಇವರು ನೋಡಿ, 'ಬಹಳ ಚೆನ್ನಾಗಿದೆ, ಯಾರಿದು?' ಅಂದ್ರು. ಪಾಪ, ಅವನು ಮತ್ತೆ ನೀಲಿ ಕಲೆಸ್ಕೊಂಡು ಕೂತ."

ಹಿಂದಿನವರು ನಕ್ಕರು. ಸಾಲು ಮುಂದೆ ಸರಿಯಿತು. ಬಂದವರೆಲ್ಲ ಮುಖ ನೋಡಿದ ಮೇಲೆ ಎಡಸೊಂಟ ನೋಡುತ್ತಿದ್ದರು. ಒಬ್ಬಳು ಅಜ್ಜಿ ಹೂವಿನ ಕೆಳಗೆ ಬಗ್ಗಿ ಇಣುಕಿದಳು. ಒಂದು ಮಗು, "ಅಮ್ಮಾ, ಜೇಬಿಲ್ಲ, ಇದು ಬೇರೆಯವರು," ಅಂತ ಜೋರಾಗಿ ಹೇಳಿತು. ಕಾರ್ಯದರ್ಶಿ ಫೈಲನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿದರು. ಅವರ ಕಿವಿ ಕೆಂಪಾಗಿತ್ತು.

ಸಾಲು ಮುಗಿಯಿತು. ಹನ್ನೊಂದು ನಲವತ್ತು. ಕಾರ್ಯದರ್ಶಿ ಕಣ್ಸನ್ನೆ ಮಾಡಿದರು, ಪೆಟ್ಟಿಗೆಯವನು ಮತ್ತು ಅವನ ಜೊತೆಯವನು ಮುಚ್ಚಳ ಎತ್ತಿದರು.

ಅಕ್ಕ ಎದ್ದು ನಿಂತರು. ಏಳಬೇಕು ಅಂತ ಅಂದುಕೊಂಡಿರಲಿಲ್ಲ. ಕಾಲು ತಾನಾಗಿ ಎತ್ತಿ ನಿಲ್ಲಿಸಿತು. ಮುಚ್ಚಳ ಹಿಡಿದವರು ಹಾಗೇ ನಿಂತರು. ಇಡೀ ಚರ್ಚು ಅಕ್ಕನನ್ನು ನೋಡಿತು. ಏನೋ ಹೇಳಬೇಕಿತ್ತು. ಬಾಯಿಗೆ ಬಂದದ್ದು ತಮ್ಮನ ಮಾತು.

"ಯಾರಾದ್ರೂ ಉಳಿದ್ರಾ?"

ಎಲ್ಲಿಂದಲೋ ನಗು, ಎಲ್ಲಿಂದಲೋ ಬಿಕ್ಕು. ಆ ಸದ್ದಿನ ಮೇಲೆ, ಬಾಗಿಲ ಬಳಿಯ ಕಂಬದ ಕಡೆಯಿಂದ ಏದುಸಿರಿನ ದನಿ ಬಂತು.

"ನಾನು! ನಾನು ಉಳಿದಿದೀನಿ!"

ಬಂದರಿನ ನೀಲಿ ಸಮವಸ್ತ್ರ, ಕಂಕುಳಲ್ಲಿ ಹಳದಿ ಹೆಲ್ಮೆಟ್ಟು, ಬೂಟಿನ ತುಂಬ ಧೂಳು. ನಲವತ್ತರ ಹೆಂಗಸು. ಬಂದರಿನಲ್ಲಿ ಕ್ರೇನ್ ನಡೆಸುವವಳು. ಬಿಷಪ್ಪರ ಬಂಗಲೆಯ ಹಾಸ್ಟೆಲಿನಲ್ಲಿದ್ದುಕೊಂಡೇ ಆ ಕೆಲಸ ಕಲಿತವಳು. ಪ್ರತಿ ವರ್ಷ ಬಿಷಪ್ಪರಿಗೆ ಒಂದು ಕಾರ್ಡು ಬರೆದು ತಮಾಷೆಗೆ 'ಇಪ್ಪತ್ಮೂರು' ಅಂತ ಸಹಿ ಹಾಕುತ್ತಿದ್ದವಳು. ಬಿಷಪ್ಪರು ಮಾತ್ರ ಉತ್ತರದಲ್ಲಿ ಪೂರ್ತಿ ಹೆಸರನ್ನೇ ಬರೆಯುತ್ತಿದ್ದರು.

"ಹಡಗು ಬಿಡೋ ಹಾಗಿರ್ಲಿಲ್ಲ," ಅಂದಳು ಅವಳು ಜನರ ನಡುವೆ ದಾರಿ ಮಾಡಿಕೊಳ್ಳುತ್ತ, ಯಾರಿಗೋ ಲೆಕ್ಕ ಒಪ್ಪಿಸುವ ಹಾಗೆ. "ಅಷ್ಟೆತ್ತರದಿಂದ ಇಳಿಯೋದಕ್ಕೇ ಇಷ್ಟೊತ್ತು. ಎರಡ್ನೇ ಸಲ ನೋಡಿ ಅಕ್ಕ ಇದು, ನಾನು ಉಳಿಯೋದು."

ಪೆಟ್ಟಿಗೆಯ ಹತ್ತಿರ ಬಂದು ನಿಂತಳು. ಮುಖ ನೋಡಿದಳು, ಬಹಳ ಹೊತ್ತು. ಆಮೇಲೆ ಅವಳ ಕಣ್ಣೂ ಎಲ್ಲರ ಕಣ್ಣಿನ ಹಾಗೆ ಎಡಸೊಂಟಕ್ಕೆ ಹೋಯಿತು.

ಅವಳಿಗೆ ಹೂವು ಯಾರದು ಅಂತ ಗೊತ್ತಿರಲಿಲ್ಲ. ಗೊತ್ತಿದ್ದರೂ ಏನು ಮಾಡುತ್ತಿದ್ದಳೋ. ಹತ್ತು ಟನ್ನಿನ ಪೆಟ್ಟಿಗೆಗಳನ್ನು ಮೊಟ್ಟೆಯ ಹಾಗೆ ಎತ್ತಿಡುವ ಕೈ ಅದು. ಹೂವಿನ ಚಕ್ರವನ್ನು ಎರಡು ಕೈಯಲ್ಲಿ ನಿಧಾನವಾಗಿ ಎತ್ತಿ, ಹತ್ತಿರ ನಿಂತಿದ್ದ ಕಾರ್ಯದರ್ಶಿಯ ಕೈಗೆ ಕೊಟ್ಟಳು. ನೀಲಿ ಜೇಬು ಹೊರಗೆ ಬಂತು. ಚರ್ಚಿನ ತುಂಬ ಒಂದು ನಿಟ್ಟುಸಿರು ಹೋಯಿತು. ಮಹಾಬಿಷಪ್ಪರು ಕತ್ತು ಉದ್ದ ಮಾಡಿ ನೋಡಿದರು, ಬೇಡವೆನ್ನಲಿಲ್ಲ.

ಅವಳು ಜೇಬಿಗೆ ಎರಡು ಬೆರಳು ಹಾಕಿದಳು. ಅಕ್ಕನ ಕಡೆ ತಿರುಗಿದಳು.

"ಖಾಲಿ ಇದೆ."

ಅಕ್ಕ ಕಾರ್ಯದರ್ಶಿಯ ಕಡೆ ನೋಡಿದರು, ಅಷ್ಟೇ.

ಕಾರ್ಯದರ್ಶಿ ಎರಡು ಕೈಯಲ್ಲಿ ಹೂವಿನ ಚಕ್ರ, ಕಂಕುಳಲ್ಲಿ ಫೈಲು ಹಿಡಿದು ನಿಂತಿದ್ದರು. ಎಲ್ಲಿ ಇಡುವುದೆಂದು ತಿಳಿಯದೆ ಹೂವನ್ನು ಪೆಟ್ಟಿಗೆಯ ಕಾಲ ಬಳಿ ನೆಲಕ್ಕಿಟ್ಟರು. ಫೈಲು ಬಿಚ್ಚಿದರು. ಪ್ಲಾಸ್ಟಿಕ್ ಹಾಳೆಯಿಂದ ಚೀಟಿ ತೆಗೆದರು. ಅವರ ತುಟಿ ಮೇಲಿಂದ ಕೆಳಗಿನವರೆಗೆ ಅಲುಗಿತು. ಹೆಸರು ಒಂದೊಂದಾಗಿ ಓದಿಕೊಂಡರು, ಕೊನೆಯ ಹೆಸರಿನ ಬಳಿ ನಿಂತು ಎದುರಿಗಿದ್ದವಳ ಮುಖ ನೋಡಿದರು.

"ಇಪ್ಪತ್ಮೂರೂ ಇದೆ," ಅಂದರು.

ಬಗ್ಗಿ ತಾವೇ ಚೀಟಿಯನ್ನು ಜೇಬಿಗೆ ಇಳಿಸಿದರು. ಹೊಸ ಜೇಬು, ಇನ್ನೂ ಬಿಗಿ. ಚೀಟಿ ಪೂರ್ತಿ ಇಳಿಯಲಿಲ್ಲ. ಒಂದು ಮೂಲೆ ಹೊರಗೇ ನಿಂತಿತು. ಪೆಟ್ಟಿಗೆಯವನು ಅದನ್ನು ಒಳಗೆ ತಳ್ಳಲು ಬೆರಳು ಚಾಚಿದ.

"ಬಿಡಪ್ಪ," ಅಂದರು ಕಾರ್ಯದರ್ಶಿ. "ಕಾಣ್ಲಿ."

ಗೋಡೆಯ ಗಡಿಯಾರ ಹನ್ನೊಂದು ಐವತ್ತೈದು ತೋರಿಸುತ್ತಿತ್ತು. ಅವರು ಆ ಕಡೆ ನೋಡಲಿಲ್ಲ. ಮುಚ್ಚಳ ತಲೆಯ ಕಡೆಯಿಂದ ಇಳಿಯುತ್ತ ಬಂತು. ಮೊದಲು ಮುಖ ಮರೆಯಾಯಿತು, ಆಮೇಲೆ ಮೂವತ್ನಾಲ್ಕು ಇಂಚಿನ ಎದೆ. ಕೊನೆಗೆ ಉಳಿದದ್ದು ಒಂದು ಗೇಣು ಕೆಂಪು, ಅದರ ಮೇಲೆ ನೀಲಿ ಜೇಬು, ಟೀಚರಿಗೆ ಕೊಡು ಅಂತ ಅಮ್ಮ ಇಟ್ಟು ಕಳಿಸಿದ ಚೀಟಿಯ ಹಾಗೆ ಹೊರಗೆ ಇಣುಕುತ್ತಿದ್ದ ಕಾಗದದ ಮೂಲೆ.